ಸೇನಾಪತಿ ಕೊಡಂದೇರ ಕಾರ್ಯಪ್ಪನವರು

ಶ್ರೀಮಠದ ಮಹೋತ್ಸವದ ನಿಮಿತ್ತವಾಗಿ ಹೊರಡುತ್ತಿರುವ ಈ ಸ್ಮರಣಸಂಪುಟದಲ್ಲಿ ಗುರುಪರಂಪರೆಯ ಚರಿತ್ರೆಯೂ ಶರಣರ ಚರಿತ್ರೆಗಳೂ ಬರುವದು ಸಹಜವೇ ಸರಿ. ಅವುಗಳ ನಡುವೆ, ಆಯುಷ್ಯದ ಬಹುಭಾಗವನ್ನು ದಂಡಿನಲ್ಲಿ ಕಳೆದ, ಲಿಂಗವಂತರೂ ಅಲ್ಲದ, ನಮ್ಮ ಧಾರವಾಡ ಸೀಮೆಯವರೂ ಅಲ್ಲದ ಒಬ್ಬ ಸೇನಾಪತಿಯ ಜೀವನವೃತ್ತಾಂತಕ್ಕೆ ಇಲ್ಲಿ ಏನು ಸ್ಥಾನವೆಂದು ಭಕ್ತಮಹಾಶಯರಲ್ಲಿ ಕೆಲವರಿಗಾದರೂ ಶಂಕೆಯು ಉಂಟಾದೀತು. ಆ ಶಂಕೆಗೆ ಮೊದಲೇ ಸಮಾಧಾನವನ್ನು ಹೇಳಿ ಮುಂದೆ ಸಾಗುವದು ಲೇಸು.

ನಮ್ಮ ಮತದಲ್ಲಿ ಆಯುಧ ಹಿಡಿದವನು ಶಿವಪಥಕ್ಕೆ ಹೊರಗಿನವನೆಂಬ ಮಾತು ಎಂದೂ ಇಲ್ಲ. ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ ದಂಡನಾಯಕನೂ ಮಂತ್ರಿಯೂ ಆಗಿದ್ದ ಲಕ್ಕಣ್ಣ ದಂಡೇಶನೇ ಶಿವತತ್ತ್ವಚಿಂತಾಮಣಿಯಂಥ ಮಹಾಗ್ರಂಥವನ್ನು ರಚಿಸಿದನು. ಇನ್ನು ಕೊಡಗಿನ ಮಾತು. ಆ ನಾಡನ್ನು ಎರಡು ಶತಮಾನಗಳಿಗೂ ಮಿಕ್ಕಿ ಆಳಿದ ಹಾಲೇರಿಯ ಅರಸರು ವೀರಶೈವರು. ಮಡಿಕೇರಿಯ ಓಂಕಾರೇಶ್ವರ ದೇವಾಲಯವನ್ನು 1820ರಲ್ಲಿ ಕಟ್ಟಿಸಿದವನು ಆ ವಂಶದ ಲಿಂಗರಾಜೇಂದ್ರನೇ. 1834ರಲ್ಲಿ ಚಿಕ್ಕ ವೀರರಾಜೇಂದ್ರನು ಕುಂಪಣಿ ಸರಕಾರಕ್ಕೆ ಶರಣಾಗಿ ರಾಜ್ಯವನ್ನು ಕಳಕೊಳ್ಳುವವರೆಗೆ ಆ ಅರಸರ ದಂಡಿನಲ್ಲಿ ದುಡಿದವರು ಕೊಡವರು. ಹೀಗೆ ಲಿಂಗವಂತ ಅರಸೊತ್ತಿಗೆಗೂ ಕೊಡವ ಮನೆತನಗಳಿಗೂ ಹಳೆಯ ನಂಟುಂಟು. ಇವೆಲ್ಲಕ್ಕಿಂತ ಸಮೀಪದ ಕಾರಣವೊಂದಿದೆ. ಕುಬಿಹಾಳ ಮೊದಲಾದ ಕುಂದಗೋಳ ತಾಲೂಕಿನ ಎರೆಹೊಲದ ಊರುಗಳಿಂದ ಬೆಳಗಾವಿಗೆ ಹೋಗಿ ದಂಡಿಗೆ ಸೇರಿದ ತರುಣರೂ, ದಂಡಿನಿಂದ ಪಿಂಚಣಿ ಪಡೆದು ಬಂದು ಹತ್ತಿ ಜೋಳ ಮೆಣಸಿನ ಹೊಲಗಳಲ್ಲಿ ಮತ್ತೆ ಒಕ್ಕಲುತನಕ್ಕೆ ನಿಂತ ಹಿರಿಯರೂ ಶ್ರೀಮಠದ ಭಕ್ತವೃಂದದಲ್ಲಿ ಇರುವರು. ಮಗನನ್ನು ಗಡಿಗೆ ಕಳಿಸಿ, ಇತ್ತ ಗದ್ದುಗೆಗೆ ಹಣಮಣಿದು ಪತ್ರದ ದಾರಿ ಕಾಯುವ ತಾಯಿತಂದೆಗಳಿಗೆ ಕಾರ್ಯಪ್ಪನವರ ಚರಿತ್ರೆಯು ಪರಕೀಯವೆನಿಸದು. ಅವರೂ ಹಾಗೆಯೇ ದಾರಿ ಕಾದ ಒಬ್ಬ ತಂದೆಯಾಗಿದ್ದರು.

ಕೊಡಂದೇರ ಮಾದಪ್ಪ ಕಾರ್ಯಪ್ಪನವರು 1899ನೆಯ ಇಸವಿ ಜನೇವರಿ 28ರಂದು ಕೊಡಗಿನ ಉತ್ತರಭಾಗದ ಶನಿವಾರಸಂತೆಯಲ್ಲಿ ಜನಿಸಿದರು. ಕೊಡಂದೇರ ಎಂಬುದು ಅವರ ಮನೆತನದ ಹೆಸರು. ತಂದೆ ಮಾದಪ್ಪನವರು ಕಂದಾಯ ಖಾತೆಯ ನೌಕರರು. ಮನೆಯವರು ಮಗುವನ್ನು ಚಿಮ್ಮ ಎಂದು ಮುದ್ದಿನಿಂದ ಕರೆಯುತ್ತಿದ್ದರಂತೆ. ಕೊಡವರ ಮನೆಗಳಲ್ಲಿ ಬಂದೂಕವು ಬೇಟೆಯ ಸಾಧನವಷ್ಟೇ ಆಗಿರದೆ ಪೂಜಾರ್ಹ ವಸ್ತುವೂ ಆಗಿರುವದು. ಕೈಲ್ ಮುಹೂರ್ತದ ಹಬ್ಬದಂದು ಆಯುಧಗಳನ್ನು ಹೂವಿನಿಂದ ಸಿಂಗರಿಸಿ ಇಟ್ಟು, ಕುಲದ ಹಿರಿಯರನ್ನು ನೆನೆದು, ನಂತರವೇ ಕೈಗೆ ತೆಗೆದುಕೊಳ್ಳುವರು. ಆಯುಧವು ಹಿರಿಯರ ಕಣ್ಣಮುಂದೆ ಬಳಸತಕ್ಕ ವಸ್ತು ಎಂಬ ಭಾವನೆಯು ಎಳೆಯ ವಯಸ್ಸಿನಲ್ಲಿಯೇ ಮನದಲ್ಲಿ ನಾಟಿದರೆ ಅದರ ಫಲವು ಬಹುಕಾಲ ನಿಲ್ಲುವದು. ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನಲ್ಲಿ ಓದು ಮುಗಿಸಿ 1917ರಲ್ಲಿ ಅವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದರು.

ಆ ಕಾಲಕ್ಕೆ ಭಾರತದ ದಂಡಿನಲ್ಲಿ ಸಿಪಾಯಿಗಳು ಲಕ್ಷಗಟ್ಟಲೆ ನಮ್ಮವರಾಗಿದ್ದರೂ ಅವರನ್ನು ನಡೆಯಿಸುವ ಅಧಿಕಾರಿಗಳು ಆಂಗ್ಲರೇ. ಮೊದಲನೆಯ ಮಹಾಯುದ್ಧದಲ್ಲಿ ನಮ್ಮ ಜನರು ಪರದೇಶಗಳ ರಣಭೂಮಿಯಲ್ಲಿ ಸುರಿಸಿದ ನೆತ್ತರಿಗೆ ಪ್ರತಿಯಾಗಿ, ಭಾರತೀಯರಿಗೂ ಅಧಿಕಾರಿಯ ಹುದ್ದೆಯನ್ನು ಕೊಡಬೇಕೆಂಬ ಬೇಡಿಕೆಯು ದೇಶದ ಮುಂದಾಳುಗಳಿಂದ ಬಲವಾಗಿ ಬಂದಿತು. ಇಂದೂರಿನ ಡೇಲಿ ಕಾಲೇಜಿನಲ್ಲಿ ಆಯ್ದ ಕೆಲವು ತರುಣರಿಗೆ ಶಿಕ್ಷಣವನ್ನು ಏರ್ಪಡಿಸಲಾಯಿತು. ಆ ಮೊದಲ ತಂಡದಲ್ಲಿ ಕಾರ್ಯಪ್ಪನವರು ಆಯ್ಕೆಯಾಗಿ 1919ರ ಡಿಸೆಂಬರ ತಿಂಗಳಲ್ಲಿ ಅಧಿಕಾರಿಯಾದರು. ಮೊದಲು ಅವರನ್ನು ಕಳಿಸಿದ್ದು ಮುಂಬಯಿಯಲ್ಲಿದ್ದ 88ನೆಯ ಕರ್ನಾಟಿಕ್ ಪಲಟಣಕ್ಕೆ. ಹೆಸರನ್ನು ಕೇಳಿ ಇದು ನಮ್ಮ ಕರ್ನಾಟಕದ ಪಲಟಣವೆಂದು ಹಿಗ್ಗಬೇಕಾದ್ದಿಲ್ಲ. ಆಂಗ್ಲರು ಕರ್ನಾಟಿಕ್ ಎಂದು ಕರೆದದ್ದು ಮದರಾಸಿನ ಕಡೆಯ ಬಯಲುಸೀಮೆಯನ್ನು. ಈ ಹೆಸರಿನ ಗೊಂದಲವು ಸಂಗೀತದಲ್ಲಿಯೂ ಉಳಿದುಕೊಂಡಿರುವದನ್ನು ವಾಚಕರು ಬಲ್ಲರು. ಮುಂದೆ ಮೆಸೊಪೊಟೇಮಿಯದಲ್ಲಿ ಸ್ವಲ್ಪ ಕಾಲ ದುಡಿದು, 1923ರಲ್ಲಿ ರಜಪೂತ ಪಲಟಣಕ್ಕೆ ಬಂದು, ಅದನ್ನೇ ತಮ್ಮ ಮನೆಯನ್ನಾಗಿ ಮಾಡಿಕೊಂಡರು.

ಮುಂದಿನ ಇಪ್ಪತ್ತು ವರ್ಷಗಳ ಸೇವೆಯನ್ನು ವಿಸ್ತರಿಸುವ ಕಾರಣವಿಲ್ಲ. ವಾಯವ್ಯ ಗಡಿಯ ವಜೀರಿಸ್ತಾನದ ಕಲ್ಲುಗುಡ್ಡಗಳಲ್ಲಿ ತಿರುಗಿದರು. 1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ ಹೋದರು. ಅಲ್ಲಿಗೆ ಕಾಲಿಟ್ಟ ಭಾರತೀಯ ಅಧಿಕಾರಿಗಳಲ್ಲಿ ಅವರೇ ಮೊದಲಿಗರು. 1942ರಲ್ಲಿ ಫತೇಗಡದಲ್ಲಿ ರಜಪೂತ ಮಷಿನ್‌ಗನ್ ಪಲಟಣವನ್ನು ಕಟ್ಟಿ ಅದರ ನಾಯಕರಾದರು. ಒಂದು ಇಡೀ ಪಲಟಣವು ಭಾರತೀಯನ ಕೈಗೆ ಬಂದದ್ದು ಅದೇ ಮೊದಲು. ಆಂಗ್ಲ ಅಧಿಕಾರಿಯೊಬ್ಬನ ಹೆಂಡತಿಗೆ ಕಾರ್ಯಪ್ಪ ಎಂಬ ಹೆಸರು ನಾಲಗೆಗೆ ತಿರುಗದೆ ಅವಳು ಕಿಪ್ಪರ್ ಎಂದು ಕರೆದಳೆಂದೂ, ಆ ಅಡ್ಡಹೆಸರೇ ದಂಡಿನಲ್ಲೆಲ್ಲ ಹಬ್ಬಿತೆಂದೂ ಹೇಳುವರು. ಬನ್ನು ಎಂಬಲ್ಲಿ ಬ್ರಿಗೇಡಿನ ನಾಯಕರಾಗಿದ್ದಾಗ ಪಠಾಣರ ಹೆಂಗಸರು ಬಹುದೂರದಿಂದ ನೀರಿನ ಕೊಡಗಳನ್ನು ಹೊತ್ತು ತರುವದನ್ನು ಕಂಡು ಊರ ಹತ್ತಿರವೇ ಬಾವಿ ತೋಡಿಸಿಕೊಟ್ಟರೆಂಬ ಸಂಗತಿಯು ಪ್ರಸಿದ್ಧವಾಗಿದೆ. ಆ ಸೀಮೆಯ ಜನರು ದಂಡಿನವರನ್ನು ನಂಬುವವರಲ್ಲ. ಮಳೆ ತಪ್ಪಿದ ವರ್ಷ ಕೆರೆ ಬತ್ತಿ ನೀರಿಗೆ ಪರದಾಡುವ ನಮ್ಮ ಸೀಮೆಯವರಿಗೆ ಆ ಬಾವಿಯ ಬೆಲೆ ಏನೆಂಬುದನ್ನು ವಿವರಿಸಬೇಕಾಗಿಲ್ಲ. ಅದೇ ಗಡಿಯಲ್ಲಿ ಅವರ ಕೈಕೆಳಗೆ ದುಡಿದ ಅಧಿಕಾರಿಗಳಲ್ಲಿ ಆಯೂಬಖಾನ ಎಂಬವನೊಬ್ಬನಿದ್ದನು. ಈ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು.

ಈ ನಡುವೆ ಅವರು ಗೃಹಸ್ಥರಾಗಿದ್ದರು. 1937ರಲ್ಲಿ ಸಿಕಂದರಾಬಾದಿನಲ್ಲಿ ಅರಣ್ಯಾಧಿಕಾರಿಯೊಬ್ಬರ ಮಗಳಾದ ಮುತ್ತು ಮಾಚಯ್ಯ ಎಂಬ ಕನ್ಯೆಯೊಡನೆ ಅವರ ವಿವಾಹವಾಯಿತು. 1938ರಲ್ಲಿ ಮಗ ನಂದನೂ, 1943ರಲ್ಲಿ ಮಗಳು ನಳಿನಿಯೂ ಹುಟ್ಟಿದರು. ಆದರೆ ಗಂಡಹೆಂಡಿರಲ್ಲಿ ಹೊಂದಾಣಿಕೆಯಾಗಲಿಲ್ಲ. 1945ರಲ್ಲಿ ಅವರು ಬೇರೆಯಾದರು, ಕೆಲವೇ ವರ್ಷಗಳಲ್ಲಿ ಆ ತಾಯಿಯು ಅಪಘಾತದಲ್ಲಿ ತೀರಿಕೊಂಡಳು. ದೊಡ್ಡವರ ಚರಿತ್ರೆಯನ್ನು ಬರೆಯುವವರು ಇಂಥ ಸಂಗತಿಯನ್ನು ಮುಚ್ಚಿಡುವ ವಾಡಿಕೆಯುಂಟು. ಮುಚ್ಚಿಟ್ಟರೆ ಮುಂದಿನ ಮಾತು ಅರ್ಥವಾಗದು. ಯುದ್ಧಕಾಲದಲ್ಲಿ ಊರಿಂದೂರಿಗೆ ಅಲೆಯುವ, ಸಮಯಕ್ಕೂ ಶಿಸ್ತಿಗೂ ಕಟ್ಟಿಬಿದ್ದ ಆ ಮನುಷ್ಯನು ಮನೆಯಲ್ಲಿಯೂ ದಂಡಿನ ನಿಯಮವನ್ನೇ ನಡೆಯಿಸಿರಬೇಕು. ಆ ನಿಯಮದ ಭಾರವನ್ನು ಹೊರುವದು ಎಳೆಯ ಹೆಂಡತಿಗೆ ಸುಲಭವಾಗಿರಲಿಕ್ಕಿಲ್ಲವೆಂದು ನನಗೆ ತೋರುವದು. ಕಾರ್ಯಪ್ಪನವರು ಮರುವಿವಾಹವಾಗಲಿಲ್ಲ. ಆಗ ಎರಡು ವರ್ಷದ ಮಗಳು, ಏಳು ವರ್ಷದ ಮಗ. ಆ ಇಬ್ಬರಿಗೂ ಇನ್ನು ತಂದೆಯೇ ದಿಕ್ಕು.

1947ರಲ್ಲಿ ದೇಶವು ಸ್ವತಂತ್ರವಾಯಿತು, ಒಡೆಯಿತು, ದಂಡೂ ಒಡೆಯಿತು. ಒಂದೇ ಪಲಟಣದಲ್ಲಿ ಒಂದೇ ತಟ್ಟೆಯಲ್ಲಿ ಉಂಡವರು ಎರಡು ದೇಶಗಳ ಸಿಪಾಯಿಗಳಾದರು. ಆ ವರ್ಷ ಇಂಗ್ಲಂಡಿನಲ್ಲಿ ಉಚ್ಚ ಸೇನಾಶಿಕ್ಷಣವನ್ನು ಪಡೆಯುತ್ತಿದ್ದ ಕಾರ್ಯಪ್ಪನವರು ಅಲ್ಲಿ ಮಾಡಿದ ಭಾಷಣವೊಂದರಲ್ಲಿ, ಈಗಿನ ಸ್ಥಿತಿಯಲ್ಲಿ ಅಹಿಂಸೆಯಿಂದ ಭಾರತಕ್ಕೆ ಪ್ರಯೋಜನವಿಲ್ಲ, ಬಲವಾದ ದಂಡೇ ಬೇಕು ಎಂಬ ಅರ್ಥದ ಮಾತನಾಡಿದರು. ಮಹಾತ್ಮಾ ಗಾಂಧಿಯವರು ತಮ್ಮ ಹರಿಜನ ಪತ್ರಿಕೆಯಲ್ಲಿ ಅದನ್ನು ಹೆಸರೆತ್ತಿ ಖಂಡಿಸಿದರು. ಬೇರೆ ಯಾವ ಸೇನಾಧಿಕಾರಿಯಾದರೂ ಇಂಥ ಸಂದರ್ಭದಲ್ಲಿ ಸುಮ್ಮನಿರುತ್ತಿದ್ದನು, ಇಲ್ಲವೆ ಒಳಗೊಳಗೆ ಮುನಿಯುತ್ತಿದ್ದನು. ಕಾರ್ಯಪ್ಪನವರು ದೇಶಕ್ಕೆ ಮರಳಿದ ಮೇಲೆ 1947ರ ಡಿಸೆಂಬರದಲ್ಲಿ ದಿಲ್ಲಿಯ ಬಿರ್ಲಾ ಭವನಕ್ಕೆ ಹೋಗಿ ನೂಲುತ್ತ ಕುಳಿತಿದ್ದ ಗಾಂಧಿಯವರನ್ನು ಕಂಡರು.

ಅಲ್ಲಿ ಅವರು ವಾದಕ್ಕೆ ನಿಲ್ಲಲಿಲ್ಲ, ಒಂದು ಪ್ರಶ್ನೆಯನ್ನು ಕೇಳಿದರು. ಸಿಪಾಯಿಗೆ ತನ್ನ ಕರ್ತವ್ಯದಲ್ಲಿ ಸಡಿಲು ಬಾರದಂತೆ, ಅಹಿಂಸೆಯ ತಿರುಳನ್ನು ಅವನ ಮನಸ್ಸಿಗೆ ಮುಟ್ಟಿಸುವದು ಹೇಗೆಂಬುದೇ ಆ ಪ್ರಶ್ನೆ. ಗಾಂಧಿಯವರು ತಮಗೂ ಅದರ ಉತ್ತರವು ಇನ್ನೂ ದೊರೆತಿಲ್ಲವೆಂದೂ, ತಾವು ಕತ್ತಲಲ್ಲಿ ತಡವರಿಸುತ್ತಿರುವೆವೆಂದೂ, ದೊರೆತ ದಿನ ತಿಳಿಸುವೆವೆಂದೂ ಒಪ್ಪಿಕೊಂಡರು. ಗುರುವಾದವನು ಶಿಷ್ಯನ ಎದುರಿಗೆ ಹೀಗೆ ಒಪ್ಪಿಕೊಳ್ಳುವದು ಎಷ್ಟು ದೊಡ್ಡದೋ, ತನ್ನನ್ನು ಬಹಿರಂಗವಾಗಿ ಖಂಡಿಸಿದವರ ಬಳಿಗೆ ಶಿಷ್ಯಭಾವದಿಂದ ಹೋಗುವದೂ ಅಷ್ಟೇ ದೊಡ್ಡದು. 1948ರ ಜನೇವರಿಯಲ್ಲಿ ಕಾಶ್ಮೀರದ ರಣಭೂಮಿಯ ಹೊಣೆಯು ಕಾರ್ಯಪ್ಪನವರ ಹೆಗಲಿಗೆ ಬಂದಾಗ ಅವರು ಮತ್ತೊಮ್ಮೆ ಹೋಗಿ ಗಾಂಧಿಯವರನ್ನು ಕಂಡು ಬೀಳ್ಕೊಂಡರು. ಕಾಶ್ಮೀರದಿಂದ ಮರಳಿದ ಮೇಲೆ ಮತ್ತೆ ಕಾಣಬೇಕೆಂದು ಗಾಂಧಿಯವರು ಹೇಳಿದರಂತೆ. ಅದೇ ತಿಂಗಳ 30ರಂದು ಗಾಂಧಿಯವರ ಕೊಲೆಯಾಯಿತು. ಪ್ರಶ್ನೆಯು ಹಾಗೆಯೇ ಉಳಿಯಿತು.

ಕಾಶ್ಮೀರದಲ್ಲಿ ಅವರು ಪಶ್ಚಿಮ ವಿಭಾಗದ ಸೇನಾನಾಯಕರಾಗಿ ವರ್ಷವಿಡೀ ದುಡಿದರು. ನೌಶೇರಾ, ಝಂಗಡ ಮುಂತಾದ ಸ್ಥಳಗಳನ್ನು ಉಳಿಸುವದು, ಕಳೆದದ್ದನ್ನು ಮರಳಿ ಪಡೆಯುವದು, ಬಹುದೂರದ ಲೇಹಕ್ಕೆ ದಾರಿ ತೆರೆಯುವದು ಇವು ಆ ವರ್ಷದ ಮುಖ್ಯ ಕಾರ್ಯಗಳು. ನೌಶೇರಾದಲ್ಲಿ ಬ್ರಿಗೇಡಿಯರ್ ಮಹಮ್ಮದ ಉಸ್ಮಾನರು ಶತ್ರುವನ್ನು ಹಿಮ್ಮೆಟ್ಟಿಸಿದರು. ಕೋಟ್ ಎಂಬ ಠಾಣೆಯನ್ನು ಅವರು ಗೆದ್ದ ಕಾರ್ಯಾಚರಣೆಗೆ ಕಾರ್ಯಪ್ಪನವರ ಅಡ್ಡಹೆಸರನ್ನೇ ಇಟ್ಟಿದ್ದರು. ಆ ಉಸ್ಮಾನರು ಜುಲೈ 3ರಂದು ರಣದಲ್ಲಿಯೇ ಮಡಿದರು. ಸುಮಾರು 11,500 ಅಡಿ ಎತ್ತರದ ಜೋಜಿಲಾ ಕಣಿವೆಯಲ್ಲಿ ನವೆಂಬರ 1ರಂದು ಟ್ಯಾಂಕುಗಳನ್ನು ಏರಿಸಿ ದಾರಿ ತೆರೆದ ಮುಂದಾಳು ಇನ್ನೊಬ್ಬ ಕೊಡಗಿನವರಾದ ಜನರಲ್ ತಿಮ್ಮಯ್ಯನವರು. ಅಷ್ಟು ಎತ್ತರದಲ್ಲಿ ಟ್ಯಾಂಕುಗಳು ಬರುವವೆಂದು ಎದುರಾಳಿಗಳು ಕನಸಿನಲ್ಲಿಯೂ ಎಣಿಸಿರಲಿಲ್ಲ. ಅದೇ ತಿಂಗಳಲ್ಲಿ ದ್ರಾಸ, ಕಾರ್ಗಿಲಗಳು ಕೈಗೆ ಬಂದವು. 1949ರ ಹೊಸ ವರ್ಷದ ಮೊದಲ ದಿನದೊಡನೆ ಕದನವು ನಿಂತಿತು.

ಸಂಕ್ರಮಣದ ಹೊತ್ತಿಗೆ, 1949ರ ಜನೇವರಿ 15ರಂದು, ಜನರಲ್ ಬುಚರ್ ಎಂಬ ಆಂಗ್ಲ ಸೇನಾಧಿಪತಿಯಿಂದ ಕಾರ್ಯಪ್ಪನವರು ಅಧಿಕಾರವನ್ನು ವಹಿಸಿಕೊಂಡರು. ಭಾರತದ ದಂಡಿಗೆ ಭಾರತೀಯನೇ ಮುಖ್ಯಸ್ಥನಾದ ಆ ದಿನವನ್ನು ಇಂದಿಗೂ ಪ್ರತಿವರ್ಷ ಸೇನಾದಿನವೆಂದು ಆಚರಿಸುವರು. ಆ ಹುದ್ದೆಗೇರಿದ ಕಾರ್ಯಪ್ಪನವರಿಗೆ ಹಿಂದುಸ್ತಾನಿ ಭಾಷೆಯು ಚೆನ್ನಾಗಿ ಬರುತ್ತಿರಲಿಲ್ಲ. ಸಿಪಾಯಿಗಳನ್ನುದ್ದೇಶಿಸಿ ಮಾಡಿದ ಭಾಷಣವೊಂದರಲ್ಲಿ ದೇಶವೂ ನೀವೂ ಸ್ವತಂತ್ರರು ಎನ್ನಬೇಕಾದಲ್ಲಿ ಮುಫತ್ತು ಎಂಬ ಶಬ್ದವನ್ನು ಬಳಸಿ, ನಮ್ಮ ಕಡೆಯ ಮಾತಿನಲ್ಲಿ ಹೇಳುವದಾದರೆ ಎಲ್ಲರೂ ಪುಕ್ಕಟೆಯೆಂದು ಸಾರಿಬಿಟ್ಟರೆಂದು ದಂಡಿನಲ್ಲಿ ಬಹುಕಾಲ ನಗುವಿನಿಂದ ಹೇಳುತ್ತಿದ್ದರು. ಉಡಿಗೆತೊಡಿಗೆ ಊಟಉಪಚಾರಗಳಲ್ಲಿಯೂ ಅವರು ಪೂರ್ಣ ಆಂಗ್ಲ ಪದ್ಧತಿಯವರು. ಆದರೆ ಆಂಗ್ಲರು ದಂಡಿನಲ್ಲಿ ಬಿಟ್ಟುಹೋದ ಒಂದು ದೊಡ್ಡ ಕೆಡುಕಿಗೆ ಮೊದಲ ಪೆಟ್ಟು ಕೊಟ್ಟವರೂ ಅವರೇ.

1857ರ ತರುವಾಯ ಆಂಗ್ಲ ಸರಕಾರವು ಕೆಲವು ಜಾತಿಗಳನ್ನು ಯುದ್ಧಯೋಗ್ಯವೆಂದೂ ಉಳಿದವನ್ನು ಅಯೋಗ್ಯವೆಂದೂ ವಿಂಗಡಿಸಿ, ಜಾತಿ ಕುಲಗಳ ಹೆಸರಿನಿಂದಲೇ ಪಲಟಣಗಳನ್ನು ಕಟ್ಟಿತ್ತು. ಒಕ್ಕಲಿಗನು, ನೇಕಾರನು, ವ್ಯಾಪಾರಿಯು ಎಷ್ಟು ಗಟ್ಟಿಯಾಳಾದರೂ ಜಾತಿಯ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಅವನಿಗೆ ಬಾಗಿಲು ಮುಚ್ಚಿತ್ತು. 1949ರಲ್ಲಿ ಕಾರ್ಯಪ್ಪನವರು ದಂಡಿನ ಅತಿ ಹಳೆಯ ಪಲಟಣಗಳಲ್ಲಿ ನಾಲ್ಕನ್ನು, ಅಂದರೆ ಪಂಜಾಬ, ಗ್ರೆನೇಡಿಯರ್ಸ್, ರಾಜಪುತಾನಾ ರೈಫಲ್ಸ್ ಮತ್ತು ತಮ್ಮದೇ ಆದ ರಜಪೂತ ದಳಗಳಿಂದ ತಲಾ ಒಂದನ್ನು ತೆಗೆದು, ಗಾರ್ಡ್ಸ್ ಎಂಬ ಹೊಸ ದಳವನ್ನು ಕಟ್ಟಿದರು. ಅದರಲ್ಲಿ ಯಾವ ಪ್ರಾಂತದ, ಯಾವ ಜಾತಿಯ, ಯಾವ ಮತದ ತರುಣನಿಗೂ ಪ್ರವೇಶವಿತ್ತು. ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುವರು, ಒಂದೇ ಪಂಕ್ತಿಯಲ್ಲಿ ಉಣ್ಣುವರು. ಹಳೆಯ ಹೆಸರಿನ ಪಲಟಣಗಳು ಅವರ ನಂತರವೂ ಉಳಿದವು; ಒಬ್ಬನಿಂದ ಎಲ್ಲವೂ ಆಗುವಂತಿರಲಿಲ್ಲ. ಆದರೂ ಎಂಟು ಶತಮಾನಗಳ ಹಿಂದೆ ಕಲ್ಯಾಣದ ಮಹಾಮನೆಯಲ್ಲಿ ಕುಲವನ್ನು ಕೇಳದೆ ಕಾಯಕವನ್ನು ಕೇಳಿದ ಬಸವಣ್ಣನವರ ಅನುಯಾಯಿಗಳಾದ ನಮಗೆ, ದಂಡಿನಂಥ ಕಠಿಣ ಸ್ಥಳದಲ್ಲಿ ಅದೇ ನಡೆಯು ತಲೆಯೆತ್ತಿದ್ದನ್ನು ಕಂಡು ಸಂತೋಷವಾಗುವದು ಸಹಜವಷ್ಟೆ.

ಅಧಿಕಾರದಲ್ಲಿದ್ದಾಗ ಮಕ್ಕಳನ್ನು ಅವರು ಹೇಗೆ ಇಟ್ಟುಕೊಂಡಿದ್ದರೆಂಬುದಕ್ಕೆ ಒಂದು ಸಂಗತಿಯನ್ನು ಹೇಳುವರು. ದಿಲ್ಲಿಯಲ್ಲಿ ಸೇನಾಧಿಪತಿಯ ಮಕ್ಕಳೂ ಉಳಿದ ಅಧಿಕಾರಿಗಳ ಮಕ್ಕಳ ಸಂಗಡ ದಂಡಿನ ಸಾದಾ ವಾಹನದಲ್ಲಿಯೇ ಸಾಲೆಗೆ ಹೋಗಿಬರಬೇಕಿತ್ತು. ಒಂದು ದಿನ ಆ ವಾಹನವು ಬಾರದ್ದರಿಂದ ಕೈಕೆಳಗಿನ ಅಧಿಕಾರಿಯು ಸೇನಾಧಿಪತಿಯ ಸರಕಾರಿ ಮೋಟಾರನ್ನು ಕಳಿಸಿ ಮಕ್ಕಳನ್ನು ಕರೆತರಿಸಿದನು. ಕೆಲವು ದಿನಗಳ ಮೇಲೆ ಇದು ಮಾತಿನಲ್ಲಿ ಹೊರಬಿದ್ದಾಗ ಕಾರ್ಯಪ್ಪನವರು ಕೆರಳಿ, ಅಷ್ಟು ದೂರದ ಖರ್ಚನ್ನು ಲೆಕ್ಕಹಾಕಿಸಿ ತಮ್ಮ ಸ್ವಂತ ಹಣದಿಂದ ಸರಕಾರಕ್ಕೆ ಕಟ್ಟಿಸಿದರಂತೆ. ತಾಯಿಯಿಲ್ಲದ ಮಕ್ಕಳ ಮಟ್ಟಿಗೆ ಇದು ಅತಿಯಾಯಿತೆಂದು ಯಾರಿಗಾದರೂ ಅನಿಸೀತು. ಮಠದ ಲೆಕ್ಕವನ್ನು ಇಟ್ಟು ಬಲ್ಲವರಿಗೆ ಹಾಗೆ ಅನಿಸದು. ದಾಸೋಹದ ಧಾನ್ಯದಲ್ಲಿ ಒಂದು ಸೇರು ಮನೆಯ ಕಡೆಗೆ ಹೊರಳಿದರೆ ಮುಂದೆ ಚೀಲವೇ ಹೊರಳುವದು.

1953ರ ಜನೇವರಿಯಲ್ಲಿ ಅವರು ಸೇವೆಯಿಂದ ನಿವೃತ್ತರಾದರು. 1956ರ ವರೆಗೆ ಆಸ್ಟ್ರೇಲಿಯಾ ಮತ್ತು ನ್ಯೂಝೀಲಂಡಗಳಲ್ಲಿ ಭಾರತದ ಹೈಕಮಿಶನರರಾಗಿದ್ದು, ತರುವಾಯ ಮಡಿಕೇರಿಗೆ ಬಂದು ರೋಶನಾರಾ ಎಂಬ ತಮ್ಮ ಮನೆಯಲ್ಲಿ ನೆಲಸಿದರು. ಮುಂದಿನ ಸುಮಾರು ಮೂವತ್ತೈದು ವರ್ಷಗಳು ಅವರ ವಾನಪ್ರಸ್ಥವೆನ್ನಬಹುದು. ಆದರೆ ಸುಮ್ಮನೆ ಕುಳಿತವರಲ್ಲ. ಪಿಂಚಣಿ ಸಿಗದ, ಭೂಮಿ ದೊರೆಯದ, ಕೈಕಾಲು ಕಳಕೊಂಡು ಊರಿಗೆ ಬಂದು ಬೇಸತ್ತ ಹಳೆಯ ಸಿಪಾಯಿಗಳ ಅಹವಾಲುಗಳನ್ನು ಕೈಗೆತ್ತಿಕೊಂಡರು. ದಂಡಿನಲ್ಲಿ ಇರುವವರೆಗೆ ಸಿಪಾಯಿಯನ್ನು ಎಲ್ಲರೂ ಕೊಂಡಾಡುವರು. ಸಮವಸ್ತ್ರವನ್ನು ಕಳಚಿಟ್ಟ ಮೇಲೆ ಕಚೇರಿಯ ಬಾಗಿಲಲ್ಲಿ ಅವನನ್ನು ಕೇಳುವವರಿಲ್ಲ ಎಂಬುದು ನಮ್ಮ ಊರುಗಳಲ್ಲಿಯೂ ಕಾಣುವ ಮಾತೇ. 1964ರಲ್ಲಿ ಮಾಜಿ ಸೈನಿಕರ ಅಖಿಲಭಾರತ ಸಂಘವು ಅವರ ಮುಂದಾಳುತನದಲ್ಲಿ ಸ್ಥಾಪಿತವಾಯಿತು.

ಮಗ ನಂದನು ವಾಯುಸೇನೆಯನ್ನು ಸೇರಿ ಯುದ್ಧವಿಮಾನದ ಚಾಲಕನಾಗಿದ್ದನು. 1965ರಲ್ಲಿ ಪಾಕಿಸ್ತಾನದೊಡನೆ ಯುದ್ಧವಾಯಿತು. ಸಪ್ಟೆಂಬರ 22ರಂದು, ಯುದ್ಧವು ನಿಲ್ಲಲಿದ್ದ ಕೊನೆಯ ಹೊತ್ತಿನಲ್ಲಿ, ಅವನ ವಿಮಾನವು ಗುಂಡಿಗೆ ತುತ್ತಾಯಿತು. ಕೊಡೆಯ ಸಹಾಯದಿಂದ ಹಾರಿಕೊಂಡರೂ ನೆಲಕ್ಕೆ ಬಿದ್ದಾಗ ಬೆನ್ನುಮೂಳೆಗೆ ಪೆಟ್ಟಾಗಿ ಅವನು ಶತ್ರುಗಳ ಕೈಗೆ ಸೆರೆಸಿಕ್ಕನು. ನಿಯಮದಂತೆ ಅವನು ತನ್ನ ಹೆಸರು, ಹುದ್ದೆ, ಅಂಕಿ ಇಷ್ಟನ್ನೇ ಹೇಳಿದನು. ಆದರೆ ಕಾರ್ಯಪ್ಪ ಎಂಬ ಹೆಸರು ಅಲ್ಲಿ ಯಾರಿಗೆ ಗೊತ್ತಿಲ್ಲ? ಆಗ ಪಾಕಿಸ್ತಾನದ ಅಧ್ಯಕ್ಷನಾಗಿದ್ದವನು ಅದೇ ಆಯೂಬಖಾನ, ಗಡಿಸೀಮೆಯಲ್ಲಿ ಕಾರ್ಯಪ್ಪನವರ ಕೈಕೆಳಗೆ ದುಡಿದವನು. ಹಿಂದಿನ ಒಡೆಯರ ಮಗನೇ ಬಂದಿಯಾಗಿರುವನೆಂದು ತಿಳಿದೊಡನೆ ಅವನು ಆ ಸುದ್ದಿಯನ್ನು ಆಕಾಶವಾಣಿಯಲ್ಲಿ ಸಾರಿಸಿದನು, ಮತ್ತು ದಿಲ್ಲಿಯಲ್ಲಿದ್ದ ತನ್ನ ಹೈಕಮಿಶನರನ ಮೂಲಕ, ಬೇಕಾದರೆ ಮಗನನ್ನು ಬಿಟ್ಟು ಕಳಿಸುವೆನೆಂದು ತಂದೆಗೆ ತಿಳಿಸಿದನು.

ಈ ಕ್ಷಣವನ್ನು ವಾಚಕರು ತಮ್ಮ ಮನೆಯದೆಂದು ಎಣಿಸಿ ನೋಡಬೇಕು. ಅರುವತ್ತಾರು ವರ್ಷದ ಮುದುಕ. ಹೆಂಡತಿ ಇಲ್ಲ. ಇರುವ ಒಬ್ಬನೇ ಮಗನು ಬೆನ್ನು ಮುರಿದು ಪರದೇಶದ ಆಸ್ಪತ್ರೆಯಲ್ಲಿ ಬಿದ್ದಿರುವನು. ಇನ್ನು ನಡೆಯುವನೋ ಇಲ್ಲವೋ ತಿಳಿಯದು. ಕೇಳಿಕೊಳ್ಳುವ ಅವಶ್ಯಕತೆಯೂ ಇಲ್ಲ, ತಾನಾಗಿಯೇ ಬಂದ ಮಾತಿಗೆ ಹೂಂಗುಟ್ಟಿದರೆ ಸಾಕು. ಹಾಗೆ ಮಾಡಿದ್ದರೆ ಯಾರೂ ಬೈಯುತ್ತಿರಲಿಲ್ಲ. ಕಾರ್ಯಪ್ಪನವರು ಆಯೂಬಖಾನನ ಸೌಜನ್ಯವನ್ನು ಮನ್ನಿಸಿ, ಬಂದಿಗಳಾದ ಭಾರತೀಯರೆಲ್ಲರೂ ತಮ್ಮ ಮಕ್ಕಳೇ, ಬಿಡುವದಾದರೆ ಎಲ್ಲರನ್ನೂ ಬಿಡಬೇಕು, ತಮ್ಮ ಮಗನೆಂಬ ಕಾರಣಕ್ಕೆ ಒಬ್ಬನಿಗೆ ವಿಶೇಷ ಉಪಚಾರವು ಬೇಡ ಎಂದು ಉತ್ತರ ಕಳಿಸಿದರು. ಸಾಲೆಯ ಮೋಟಾರಿನ ಲೆಕ್ಕವನ್ನು ಕಟ್ಟಿಸಿದ ನಿಯಮವೇ ಇಲ್ಲಿಯೂ ನಡೆಯಿತು. ಆದರೆ ಈ ಸಲ ಲೆಕ್ಕವು ಹಣದ್ದಾಗಿರಲಿಲ್ಲ. ಒಂದು ಊರಿನ ಬಡ ಒಕ್ಕಲಿಗನ ಮಗನೂ ಅದೇ ಸೆರೆಯಲ್ಲಿರುವಾಗ, ಅವನ ತಂದೆಗೆ ಯಾವ ಅಧ್ಯಕ್ಷನೂ ಹೇಳಿಕಳಿಸದಿರುವಾಗ, ತನ್ನ ಮಗನೊಬ್ಬನು ಮೊದಲು ಮನೆಗೆ ಬರುವದನ್ನು ಅವರ ಮನಸ್ಸು ಒಪ್ಪದಾಯಿತು. ಅಂಗಕ್ಕೆ ಸಂಬಂಧಿಸಿದ ಮಮಕಾರವನ್ನು ಕಳೆಯುವದೆಂದು ನಮ್ಮ ಶಾಸ್ತ್ರಗಳು ಹೇಳುವ ಸ್ಥಿತಿಯನ್ನು ಪಾಠಶಾಲೆಯಲ್ಲಿ ನಾವು ವರುಷಗಟ್ಟಲೆ ಅರ್ಥೈಸುತ್ತೇವೆ. ಅದು ಒಂದು ಮನೆಯಲ್ಲಿ ಒಂದು ದಿನ ಹೇಗೆ ಕಾಣುವದೆಂಬುದು ಇಲ್ಲಿದೆ.

ಶತ್ರುಪಕ್ಷದವರೂ ಅಂದು ಸಣ್ಣತನವನ್ನು ತೋರಿಸಲಿಲ್ಲವೆಂಬುದನ್ನೂ ಹೇಳಬೇಕು. ಆಯೂಬಖಾನನ ಹೆಂಡತಿಯೂ ಹಿರಿಯ ಮಗನೂ ಆಸ್ಪತ್ರೆಗೆ ಹೋಗಿ ನಂದನನ್ನು ಕಂಡು, ಓದಲಿಕ್ಕೆ ಒಂದು ಆಂಗ್ಲ ಕಾದಂಬರಿಯನ್ನೂ ಸಿಗರೇಟುಗಳನ್ನೂ ಕೊಟ್ಟು ಬಂದರು. 1966ರ ಜನೇವರಿ 10ರಂದು ತಾಷ್ಕೆಂಟಿನಲ್ಲಿ ಒಪ್ಪಂದವಾಯಿತು; ಅದೇ ತಿಂಗಳ 22ರಂದು, ಸೆರೆಸಿಕ್ಕು ನಾಲ್ಕು ತಿಂಗಳು ತುಂಬಿದ ದಿನ, ನಂದನು ಬಿಡುಗಡೆ ಹೊಂದಿ ದೇಶಕ್ಕೆ ಮರಳಿದನು. ಮುಂದೆ ಅವನು ವಾಯುಸೇನೆಯಲ್ಲಿಯೇ ಏರ್ ಮಾರ್ಷಲ್ ಪದವಿಗೆ ಏರಿದನು, ಕೊನೆಗೆ ತಂದೆಯ ಚರಿತ್ರೆಯನ್ನೂ ಬರೆದನು. ಆ ನಾಲ್ಕು ತಿಂಗಳು ರೋಶನಾರಾದಲ್ಲಿ ತಂದೆಯು ರಾತ್ರಿಗಳನ್ನು ಹೇಗೆ ಕಳೆದರೆಂಬುದನ್ನು ಊಹಿಸುವ ಕೆಲಸವನ್ನು ಮಕ್ಕಳಿದ್ದವರಿಗೆ ಬಿಡುತ್ತೇನೆ.

ಕಾರ್ಯಪ್ಪನವರ ಎಲ್ಲ ಮಾತುಗಳನ್ನೂ ಒಪ್ಪಬೇಕೆಂದು ನಾನು ಹೇಳಲಾರೆ. ದಂಡಿನಲ್ಲಿರುವಾಗ ಸಿಪಾಯಿಯು ರಾಜಕಾರಣದಿಂದ ದೂರವಿರಬೇಕೆಂದು ಸಾಧಿಸಿದ ಅವರು, ನಿವೃತ್ತಿಯ ತರುವಾಯ ದೇಶದಲ್ಲಿ ಅಶಿಸ್ತು ಹೆಚ್ಚಿತೆಂದು ಬೇಸತ್ತು, ಕೆಲಕಾಲ ಕಠಿಣವಾದ ಆಡಳಿತವೇ ಬೇಕೆಂಬ ಅಭಿಪ್ರಾಯಗಳನ್ನು ಪ್ರಕಟಿಸಿ ಟೀಕೆಗೆ ಗುರಿಯಾದರು. 1971ರಲ್ಲಿ ಮುಂಬಯಿಯಿಂದ ಲೋಕಸಭೆಯ ಚುನಾವಣೆಗೆ ನಿಂತು ಸೋತರು. ಇಡೀ ದೇಶವು ಪಲಟಣದಂತೆ ನಡೆಯುವದಿಲ್ಲವೆಂಬುದು ಅಷ್ಟು ದೊಡ್ಡವರಿಗೂ ತಿಳಿಯದೆ ಹೋಯಿತು. ಆದರೆ ಸೋಲಿನಿಂದ ಅವರು ಕಹಿಯಾಗಲಿಲ್ಲ. ಮಡಿಕೇರಿಗೆ ಮರಳಿ ಮತ್ತೆ ಮಾಜಿ ಸೈನಿಕರ ಕಾರ್ಯವನ್ನೇ ಹಿಡಿದರು.

1986ರಲ್ಲಿ ಭಾರತ ಸರಕಾರವು ಅವರಿಗೆ ಫೀಲ್ಡ್ ಮಾರ್ಷಲ್ ಎಂಬ ಪರಮೋಚ್ಚ ಪದವಿಯನ್ನು ಕೊಟ್ಟಿತು. ಅವರಿಗಿಂತ ಮೊದಲು 1973ರಲ್ಲಿ ಮಾಣಿಕ್‌ಶಾ ಅವರಿಗೆ ಮಾತ್ರ ಅದು ದೊರೆತಿತ್ತು. ಎಪ್ರಿಲ್ 28ರಂದು ರಾಷ್ಟ್ರಪತಿಭವನದಲ್ಲಿ ನಡೆದ ಸಮಾರಂಭಕ್ಕೆ ಎಂಬತ್ತೇಳು ವರ್ಷದ ಕಾರ್ಯಪ್ಪನವರು ಪೂರ್ಣ ಸಮವಸ್ತ್ರದಲ್ಲಿ ಬಂದರು. ಕಾಲಿನ ಬೆರಳು ನೋಯುತ್ತಿದ್ದರೂ ಊರುಗೋಲನ್ನು ಹಿಡಿಯಲೊಲ್ಲದೆ, ಬಿರುದಿನ ದಂಡವನ್ನು ಕೈಗೆ ಪಡೆಯುವವರೆಗೆ ನೆಟ್ಟಗೆ ನಿಂತಿದ್ದರೆಂದು ಕಂಡವರು ಹೇಳುತ್ತಿದ್ದರು.

ಆ ಮೇಲೆ ಕೀಲುನೋವೂ ಹೃದಯದ ಬೇನೆಯೂ ಅವರನ್ನು ಹಣ್ಣು ಮಾಡಿದವು. 1993ನೆಯ ಇಸವಿ ಮೇ 15ರಂದು ಬೆಂಗಳೂರಿನಲ್ಲಿ, ತೊಂಬತ್ತುನಾಲ್ಕನೆಯ ವಯಸ್ಸಿನಲ್ಲಿ, ನಿದ್ರೆಯಲ್ಲಿರುವಾಗಲೇ ಪ್ರಾಣಪಕ್ಷಿಯು ಹಾರಿತು. ದೇಹವನ್ನು ಮಡಿಕೇರಿಗೆ ತಂದು ಎರಡು ದಿನಗಳ ಮೇಲೆ ರೋಶನಾರಾದ ಆವರಣದಲ್ಲಿ ಸೈನಿಕ ಮರ್ಯಾದೆಯೊಡನೆ ದಹನಮಾಡಿದರು. ಭೂಸೇನೆ, ನೌಕಾಸೇನೆ, ವಾಯುಸೇನೆಗಳ ಮೂವರು ಮುಖ್ಯಸ್ಥರೂ ಬಂದಿದ್ದರು. ಮುದುಕರಾಗಿದ್ದ ಮಾಣಿಕ್‌ಶಾ ಅವರು ಸಮವಸ್ತ್ರವನ್ನು ಧರಿಸಿ ಬಂದು ನಿಂತರು. ಚಿತೆಗೆ ಅಗ್ನಿಯನ್ನು ಇಟ್ಟವನು ಮಗ ನಂದ.